ಗಡ್ಡದ ಡಾಕ್ಟರ ಮಾಸ್ಕು

ಫೈಲು ಮೇಜಿಗೆ ಬಂದಾಗಲೇ ಅಪರಾಧಿ ಯಾರೆಂದು ಅದರಲ್ಲಿ ಬರೆದಾಗಿತ್ತು.

ಮೂರು ಕುರ್ಚಿಗಳ ಹಲ್ಲಿನ ಕ್ಲಿನಿಕ್. ಸಾಂಕ್ರಾಮಿಕದ ಆ ದಿನಗಳಲ್ಲಿ ಅಲ್ಲಿ ಕೆಲಸ ಮಾಡುವ ಐದು ಜನರಿಗೆ ಒಂದೇ ವಾರದಲ್ಲಿ ಸೋಂಕು ತಗುಲಿತ್ತು. ನಾಲ್ವರು ಎದ್ದು ಓಡಾಡುತ್ತಿದ್ದರು. ಒಬ್ಬರು ಏಳಲಿಲ್ಲ. ನಲವತ್ತಾರು ವರ್ಷದ ದಂತವೈದ್ಯ ಅವರು, ಬಡಾವಣೆಗೆಲ್ಲ ಗಡ್ಡದ ಡಾಕ್ಟರು.

ದೂರು ಕೊಟ್ಟವನು ಕ್ಲಿನಿಕ್‌ನ ಮ್ಯಾನೇಜರ್. ಆರೋಪ ಅಲ್ಲಿನ ಸಹಾಯಕಿಯ ಮೇಲೆ. ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬಂದಳು, ಉಪಕರಣಗಳನ್ನು ಸರಿಯಾಗಿ ಶುದ್ಧ ಮಾಡಲಿಲ್ಲ, ಡಾಕ್ಟರು ಸತ್ತಿದ್ದು ಅವಳಿಂದಲೇ. ಕೆಳಗೆ ಸತ್ತವರ ಹೆಂಡತಿಯ ಸಹಿ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ‘ಹೌದು’ ಎಂದು ಷರಾ ಬರೆದರೆ ಸಾಕು, ಶುಕ್ರವಾರ ಪೊಲೀಸರು ಕೇಸು ಹಾಕುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಕಡೆ ದುಡಿದ ಹೆಂಗಸು ಜೈಲು ಸೇರುತ್ತಿದ್ದಳು.

ಇನ್‌ಸ್ಪೆಕ್ಟರಿಗೆ ಐವತ್ತೈದು ವರ್ಷ. ಹೋಟೆಲಿರಲಿ, ಆಸ್ಪತ್ರೆಯಿರಲಿ, ತಪಾಸಣೆಗೆ ಹೋದಲ್ಲೆಲ್ಲ ಮೊದಲು ಎದುರಿನವರ ಉಗುರು ನೋಡುತ್ತಿದ್ದರು. ಹಾಗಾಗಿ ಉಗುರು ಮೇಡಂ ಎಂಬ ಹೆಸರು ಬಿದ್ದಿತ್ತು. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು.

"ಶುಕ್ರವಾರದೊಳಗೆ ಷರಾ ಬೇಕಂತೆ ಮೇಡಂ," ಎಂದ ಗುಮಾಸ್ತ.

"ಷರಾ ಬೇಕಂತೋ, ವಿಚಾರಣೆ ಬೇಕಂತೋ?"

ಗುಮಾಸ್ತ ತಲೆ ಕೆರೆದುಕೊಂಡ. ಅವತ್ತು ಸೋಮವಾರ.

* * *

ಕ್ಲಿನಿಕ್‌ನ ಗಾಜಿನ ಬಾಗಿಲು ತೆಗೆದರೆ ಸ್ಪಿರಿಟ್ಟಿನ ವಾಸನೆ. ಕಾಯುವ ಬೆಂಚಿನ ಮೇಲೆ ಒಂದು ಸೀಟು ಬಿಟ್ಟು ಒಂದಕ್ಕೆ ಹಳದಿ ಟೇಪು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಪತ್ರಿಕೆಯ ತುಣುಕು. ಅದರಲ್ಲಿ ಒಬ್ಬ ದಷ್ಟಪುಷ್ಟ ಗಂಡಸು ಯಾರಿಗೋ ರಟ್ಟಿನ ಡಬ್ಬಗಳನ್ನು ಕೊಡುತ್ತಾ ಕ್ಯಾಮೆರಾ ಕಡೆ ನೋಡುತ್ತಿದ್ದ. ‘ಕೊರತೆಯ ಕಾಲದಲ್ಲಿ ಕೊಡುಗೈ’ ಎಂಬ ತಲೆಬರಹ, ಕೆಳಗೆ ‘ಊರ ಕ್ಲಬ್ಬಿನ ಮುಂದಿನ ಅಧ್ಯಕ್ಷ?’ ಎಂಬ ಸಾಲು.

ಅದೇ ಗಂಡಸು ಮಹಡಿಯ ಗಾಜಿನ ಕೋಣೆಯಿಂದ ಇಳಿದು ಬಂದ. ಅವನೇ ಮ್ಯಾನೇಜರ್. ಕ್ಲಿನಿಕ್ ಕಟ್ಟಿದ ದೊಡ್ಡ ಡಾಕ್ಟರ ಅಳಿಯ. ಎಲ್ಲರೂ ಅವನನ್ನು ಅಳಿಯಂದಿರು ಎಂದೇ ಕರೆಯುತ್ತಿದ್ದರು. ಮೇಡಂ ಅವನ ಉಗುರು ನೋಡಿದರು. ಚೊಕ್ಕವಾಗಿದ್ದವು. ಕೆಲಸ ಮಾಡದ ಕೈಯ ಉಗುರು ಎಂದೂ ಕೊಳೆಯಾಗುವುದಿಲ್ಲ.

"ಏನ್ ಹೇಳ್ಲಿ ಮೇಡಂ. ಮನೆಯವಳ ತರಾನೇ ನೋಡ್ಕೊಂಡಿದ್ವಿ ಅವಳನ್ನ. ಉಂಡ ಮನೆಗೆ ಎರಡು ಬಗೆದ್ಲು."

"ಜ್ವರ ಇತ್ತು ಅಂತ ಹೇಗೆ ಗೊತ್ತಾಯ್ತು?"

ಅವನು ರಿಜಿಸ್ಟರ್ ತೆಗೆದು ತೋರಿಸಿದ. ದಿನವೂ ಬಾಗಿಲಲ್ಲಿ ಎಲ್ಲರ ಹಣೆಗೆ ಗನ್ ಹಿಡಿದು ಜ್ವರ ನೋಡಿ ಬರೆಯುತ್ತಿದ್ದರು. ಎಲ್ಲರದೂ ಮೂವತ್ತಾರು ಚಿಲ್ಲರೆ. ಹತ್ತನೇ ತಾರೀಕು ಸಹಾಯಕಿಯ ಹೆಸರಿನ ಮುಂದೆ ಮಾತ್ರ ಮೊದಲಿದ್ದ ಅಂಕಿಯನ್ನು ಹೊಡೆದು, ಪಕ್ಕದಲ್ಲಿ ನೂರಾ ಒಂದು ಎಂದು ಬರೆದಿತ್ತು.

"ರಿಸೆಪ್ಷನ್ ಹುಡುಗಿ ಏನೋ ತಪ್ಪು ಬರೆದಿದ್ಲು. ನನಗೆ ಅನುಮಾನ ಬಂದು ನಾನೇ ಗನ್ ಹಿಡಿದು ನೋಡಿದೆ. ನೂರಾ ಒಂದು ತೋರಿಸ್ತು. ನಾನೇ ತಿದ್ದಿದೆ. ಮನೆಗೆ ಹೋಗು ಅಂದ್ರೂ ಹೋಗ್ಲಿಲ್ಲ ಮೇಡಂ."

"ಇದೇ ಗನ್ನಾ?"

"ಇರೋದೇ ಇದೊಂದು."

ಮೇಡಂ ಗನ್ ಎತ್ತಿ ಅವನ ಹಣೆಗೇ ಹಿಡಿದರು. ಕುಂಯ್ ಎಂದಿತು. ಮೂವತ್ತಾರು ಬಿಂದು ಮೂರು. ಅದನ್ನು ಬರೆದುಕೊಂಡರು.

ಮಾತಾಡಿ ಮಾತಾಡಿ ಗಂಟಲು ಒಣಗಿತೇನೋ, ಅಳಿಯಂದಿರು ಕಿಟಕಿಯ ಹತ್ತಿರ ಹೋಗಿ ಮಾಸ್ಕ್ ಕೆಳಗಿಳಿಸಿ ನೀರು ಕುಡಿದರು. ಮೂಗಿನ ಮೇಲೆ ಅಡ್ಡಕ್ಕೆ ಕೆಂಪು ಗೀರು. ಎರಡೂ ಕೆನ್ನೆಗಳ ಮೇಲೆ ಅದೇ ಗೀರು ಇಳಿದಿತ್ತು. ಮೇಡಂ ಅದನ್ನೂ ಬರೆದುಕೊಂಡರು.

* * *

ಕ್ಲಿನಿಕ್ ತೋರಿಸಿದವಳು ಚಿಕ್ಕ ಡಾಕ್ಟರಮ್ಮ. ಅಲ್ಲಿನ ಎರಡನೆಯ ವೈದ್ಯೆ, ಇಪ್ಪತ್ತೇಳರ ಹುಡುಗಿ. ಸೋಂಕಿನಿಂದ ಎದ್ದು ಬಂದ ನಾಲ್ವರಲ್ಲಿ ಒಬ್ಬಳು. ಎರಡು ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರು.

ಉಪಕರಣ ಶುದ್ಧ ಮಾಡುವ ಆಟೋಕ್ಲೇವ್ ಸರಿಯಾಗಿತ್ತು. ಶುದ್ಧವಾಯಿತೆಂದು ತೋರಿಸಲು ಪ್ರತಿ ಪೊಟ್ಟಣದ ಮೇಲೆ ಅಂಟಿಸುವ ಪಟ್ಟಿ ಹಬೆಗೆ ಕಪ್ಪಾಗಿತ್ತು. ಆರು ತಿಂಗಳ ಪಟ್ಟಿಗಳನ್ನು ಸಹಾಯಕಿ ದಿನಾಂಕ ಹಾಕಿ ಪುಸ್ತಕಕ್ಕೆ ಅಂಟಿಸಿಟ್ಟಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

"ಅಷ್ಟಕ್ಕೂ ಈ ರೋಗ ಇಕ್ಕಳದಿಂದ ಬರಲ್ಲ ಮೇಡಂ, ಗಾಳೀಲಿ ಬರುತ್ತೆ," ಎಂದಳು ಚಿಕ್ಕ ಡಾಕ್ಟರಮ್ಮ. "ಹಲ್ಲು ಕೊರೆಯುವಾಗ ಡ್ರಿಲ್ಲಿಂದ ನೀರು ಚಿಮ್ಮುತ್ತಲ್ಲ, ಅದರ ಜೊತೆ ರೋಗಿ ಬಾಯಲ್ಲಿರೋದೆಲ್ಲ ತುಂತುರಾಗಿ ನಮ್ಮ ಮುಖಕ್ಕೇ ಬರುತ್ತೆ. ಅಷ್ಟು ಹತ್ತಿರ ಕೂರ್ತೀವಿ. ಬೇರೆ ಡಾಕ್ಟರ್‌ಗಳು ದೂರ ನಿಂತು ಮಾತಾಡಿಸಬಹುದು. ನಾವು ಬಾಯೊಳಗೇ ಇಣುಕಬೇಕು."

"ಕೊರೆದ ಮೇಲೆ ಕೋಣೆ ಖಾಲಿ ಬಿಡ್ತಿದ್ರಾ?"

"ಒಂದು ಗಂಟೆ. ದೊಡ್ಡ ಡಾಕ್ಟರ ಆರ್ಡರ್."

ರೋಗಿಗಳ ರಿಜಿಸ್ಟರಿನಲ್ಲೂ ಹಾಗೇ ಇತ್ತು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಗಂಟೆ. ಮೇಡಂ ನಂಬಲಿಲ್ಲ. ಜನ ಹಲ್ಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುವಾಗ ಯಾವ ಮಾಲೀಕ ಕೋಣೆ ಖಾಲಿ ಬಿಡುತ್ತಾನೆ? ಮುದುಕನೇ ಕಳ್ಳ ಎಂದುಕೊಂಡು ನೆಟ್ಟಗೆ ಹಿಂದಿನ ಪ್ಲಾಸ್ಟರ್ ಕೋಣೆಗೆ ನುಗ್ಗಿದರು.

ಹಲ್ಲಿನ ಅಚ್ಚು ತೆಗೆದ ಮೇಲೆ ಇಟ್ಟುಕೊಂಡು ಕೂರುವಂತಿಲ್ಲ. ಒಣಗಿ ಕುಗ್ಗುತ್ತದೆ. ಕೂಡಲೇ ಅದಕ್ಕೆ ಪ್ಲಾಸ್ಟರ್ ಸುರಿಯಬೇಕು. ಸುರಿದವರು ಹಸಿ ಪ್ಲಾಸ್ಟರಿನ ತಳದಲ್ಲಿ ಮೊಳೆಯಿಂದ ತಾರೀಕು, ಗಂಟೆ ಗೀಚುವುದು ಇಲ್ಲಿನ ರೂಢಿ. ರಿಜಿಸ್ಟರನ್ನು ಸಂಜೆ ಕೂತು ಹೊಸದಾಗಿ ಬರೆಯಬಹುದು. ಗಟ್ಟಿಯಾದ ಪ್ಲಾಸ್ಟರಿನ ಮೇಲೆ ಬರೆಯಲು ಆಗುವುದಿಲ್ಲ. ಮೇಡಂ ಕಪಾಟಿನಿಂದ ಅರವತ್ತು ಜೊತೆ ಬಿಳಿ ಹಲ್ಲುಗಳನ್ನು ಇಳಿಸಿ, ಒಂದೊಂದನ್ನೂ ಮಗುಚಿ ರಿಜಿಸ್ಟರಿಗೆ ಹೋಲಿಸಿದರು. ಎಲ್ಲವೂ ತಾಳೆಯಾದವು. ಮುದುಕ ಪ್ರಾಮಾಣಿಕ.

ನಿಜ ಹೇಳಬೇಕೆಂದರೆ ಮೇಡಂಗೆ ನಿರಾಸೆಯೇ ಆಯಿತು. ಕೈಗೆ ಪ್ಲಾಸ್ಟರ್ ಪುಡಿ ಮೆತ್ತಿದ್ದೊಂದೇ ಲಾಭ.

"ಎಲ್ಲ ಸರಿ ಇದೆ. ಹಾಗಾದ್ರೆ ಐದು ಜನಕ್ಕೆ ಹೇಗಮ್ಮ ಬಂತು?"

"ಅದೇ ಗೊತ್ತಾಗ್ತಿಲ್ಲ ಮೇಡಂ. ಎನ್-95 ಹಾಕಿದ್ವಿ, ಮೇಲೆ ಶೀಲ್ಡ್ ಹಾಕಿದ್ವಿ. ದಂತವೈದ್ಯರ ಸಂಘ ಕಷ್ಟಪಟ್ಟು ನಲವತ್ತು ಡಬ್ಬ ಕೊಡಿಸಿತ್ತು."

ಮೇಡಂ ಕೋಣೆಯಲ್ಲಿದ್ದ ಡಬ್ಬದಿಂದ ಒಂದು ಮಾಸ್ಕ್ ತೆಗೆದು ನೋಡಿದರು. ಕಂಪನಿಯ ಹೆಸರಿತ್ತು. ಹೆಸರಿನ ಕೆಳಗೆ ಬ್ಯಾಚ್ ನಂಬರ್ ಇರಬೇಕಿತ್ತು, ಇರಲಿಲ್ಲ. ಸಂಘದಿಂದ ಬಂದ ಚೀಟಿ ತರಿಸಿ ಅದರಲ್ಲಿದ್ದ ನಂಬರನ್ನು ಬರೆದುಕೊಂಡರು. ಕೊನೆಯ ಮೂರಂಕಿ ಏಳು, ಒಂದು, ನಾಲ್ಕು.

* * *

ಸಹಾಯಕಿಯನ್ನು ಕ್ಲಿನಿಕ್‌ನಲ್ಲಿ ಎಲ್ಲರೂ ಕನ್ನಡಿ ಅಕ್ಕ ಎನ್ನುತ್ತಿದ್ದರು. ಡಾಕ್ಟರು ಕೈ ಚಾಚುವ ಮೊದಲೇ ಬಾಯೊಳಗೆ ನೋಡುವ ಪುಟ್ಟ ಕನ್ನಡಿ ಅವರ ಬೆರಳಿನ ನಡುವೆ ಇರುತ್ತಿತ್ತು, ಅದಕ್ಕೆ.

ಎರಡು ಕೋಣೆಯ ಮನೆ. ಅಕ್ಕ ಬಾಗಿಲು ಅರ್ಧ ತೆರೆದು ನಿಂತರು. ಉಗುರು ಚರ್ಮದ ತನಕ ಕತ್ತರಿಸಿತ್ತು. ಪಕ್ಕದ ಮನೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು.

"ದಿನಾ ಹೀಗೇ ಮೇಡಂ. ಡಾಕ್ಟರನ್ನ ಕೊಂದವಳು ಅಂತಾರೆ. ಮಗಳ ಗಂಡನ ಮನೆಯವರು ಫೋನ್ ಎತ್ತಲ್ಲ."

"ಹತ್ತನೇ ತಾರೀಕು ಜ್ವರ ಇತ್ತಾ?"

"ಇಲ್ಲ. ಜ್ವರ ಬಂದಿದ್ದು ಹದಿನಾಲ್ಕಕ್ಕೆ. ಡಾಕ್ಟರಿಗೆ ಹನ್ನೆರಡಕ್ಕೇ ಬಂದಿತ್ತು. ಹತ್ತನೇ ತಾರೀಕು ಅಳಿಯಂದ್ರು ಬಾಗಿಲ ಹತ್ರ ಬಂದೇ ಇಲ್ಲ. ಅವರು ಕೆಳಗೆ ಇಳಿಯೋದೇ ಅಪರೂಪ."

ಮೇಡಂ ಅವರ ಮುಖವನ್ನೇ ನೋಡುತ್ತಿದ್ದರು. ಮೂಗು ನುಣ್ಣಗಿತ್ತು.

"ದಿನಕ್ಕೆ ಎಂಟು ಗಂಟೆ ಮಾಸ್ಕ್ ಹಾಕ್ತಿದ್ರಿ. ಮೂಗಿನ ಮೇಲೆ ಗುರುತು ಬೀಳ್ತಿರಲಿಲ್ವಾ?"

"ಮೊದಲನೇ ವಾರ ಬೀಳ್ತಿತ್ತು. ಕಿತ್ತು ಬರೋ ಹಾಗೆ ಉರಿ. ಆಮೇಲೆ ಅಭ್ಯಾಸ ಆಯ್ತೇನೋ, ಬೀಳಲೇ ಇಲ್ಲ."

"ಡಾಕ್ಟರಿಗೆ?"

"ಅವರಿಗೂ ಅಷ್ಟೇ. ಅವರಿಗೆ ಬೇರೆ ಕಾಟ. ಕನ್ನಡಕಕ್ಕೆ ಹಬೆ ಹಿಡೀತಿತ್ತು. ಐದು ನಿಮಿಷಕ್ಕೊಮ್ಮೆ ‘ಅಕ್ಕ, ಒರೆಸು’ ಅನ್ನೋರು. ಒರೆಸ್ತಿದ್ದೆ. ಮತ್ತೆ ಮಬ್ಬು."

"ಮೊದಲನೇ ವಾರ?"

ಅಕ್ಕ ಯೋಚಿಸಿದರು. "ಇಲ್ಲ ಮೇಡಂ. ಮೊದಲನೇ ವಾರ ಒಂದ್ಸಲಾನೂ ಒರೆಸಿದ ನೆನಪಿಲ್ಲ."

* * *

ಗಡ್ಡದ ಡಾಕ್ಟರ ಹೆಂಡತಿ ಮೊದಲು ಮಾತಾಡಲು ಒಪ್ಪಲಿಲ್ಲ. ಆಮೇಲೆ ಒಂದು ಫೋಟೋ ತಂದು ಮುಂದಿಟ್ಟರು. ನುಣ್ಣಗೆ ಬೋಳಿಸಿದ ಗಲ್ಲ ಸವರಿಕೊಂಡು ನಗುತ್ತಿರುವ ಗಂಡಸು. ಗಲ್ಲ ಬೆಳ್ಳಗೆ, ಹಣೆ ಕಪ್ಪಗೆ.

"ಇಪ್ಪತ್ತು ವರ್ಷದ ಗಡ್ಡ. ಮದುವೆ ದಿನಾನೂ ತೆಗೆದಿರಲಿಲ್ಲ. ಗಡ್ಡ ಇದ್ರೆ ಮಾಸ್ಕ್ ಅಂಟಿ ಕೂರಲ್ಲ, ಸಂದಿಯಿಂದ ಗಾಳಿ ಬರುತ್ತೆ ಅಂತ ತೆಗೆದ್ರು. ಮಗಳು ಒಂದು ದಿನ ಇಡೀ ಅವರ ಹತ್ರ ಹೋಗ್ಲಿಲ್ಲ, ಯಾರೋ ಹೊಸಬರು ಅಂತ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಷ್ಟು ಹುಷಾರಾಗಿದ್ದ ಮನುಷ್ಯ. ಅವಳು ಕೆಮ್ಮುತ್ತಾ ಪಕ್ಕದಲ್ಲಿ ನಿಂತಿದ್ಲಂತೆ."

"ಯಾರು ಹೇಳಿದ್ರು?"

"ಅಳಿಯಂದ್ರು. ಸಹಿ ಹಾಕಿ ಅಂತ ಕಾಗದಾನೂ ಅವರೇ ತಂದ್ರು."

ಮೇಡಂ ಫೋಟೋ ವಾಪಸು ಕೊಟ್ಟರು. ಸಿಟ್ಟು ನೆತ್ತಿಗೇರಿತ್ತು. ಗಡ್ಡ ಬೋಳಿಸಿದ ಮೇಲೂ ಕನ್ನಡಕಕ್ಕೆ ಹಬೆ ಹಿಡಿದರೆ ಉಸಿರು ಮಾಸ್ಕಿನ ಸಂದಿಯಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಉಸಿರು ಹೊರಗೆ ಹೋಗುವ ದಾರಿಯಲ್ಲಿ ರೋಗ ಒಳಗೆ ಬರುತ್ತದೆ. ಮೊದಲ ವಾರದ ಮಾಸ್ಕ್ ಬೇರೆ, ಆಮೇಲಿನ ಮಾಸ್ಕ್ ಬೇರೆ. ಹಾಗಿದ್ದರೆ ಸಂಘ ಕೊಟ್ಟ ನಲವತ್ತು ಡಬ್ಬ ಎಲ್ಲಿ ಹೋಯಿತು?

ಉತ್ತರ ಮರುದಿನ ಬೆಳಿಗ್ಗೆ ಸಿಕ್ಕಿತು, ಹುಡುಕದೆಯೇ. ಕಚೇರಿಯ ಕಪಾಟಿನಿಂದ ಮೇಡಂ ಎಂದಿನಂತೆ ಹೊಸ ಮಾಸ್ಕ್ ತೆಗೆದರು. ಹಾಕಿಕೊಳ್ಳುವ ಮುಂಚೆ ಯಾಕೋ ತಿರುಗಿಸಿ ನೋಡಿದರು. ಕಂಪನಿಯ ಹೆಸರು. ಅದರ ಕೆಳಗೆ ನಂಬರ್. ಕೊನೆಯ ಮೂರಂಕಿ ಏಳು, ಒಂದು, ನಾಲ್ಕು.

ನೋಟ್‌ಬುಕ್ ತೆಗೆದು ಮೂರು ಸಲ ಹೋಲಿಸಿದರು. ಆರು ವಾರದ ಹಿಂದಿನ ಒಂದು ಪುಟ್ಟ ಸಮಾರಂಭ ನೆನಪಾಯಿತು. ಇದೇ ಕಚೇರಿಯ ಜಗುಲಿ. ಒಬ್ಬ ದಾನಿ, ಡಬ್ಬಗಳು, ಫೋಟೋ. ಚಪ್ಪಾಳೆ ತಟ್ಟಿದವರಲ್ಲಿ ಮೇಡಂ ಕೂಡ ಇದ್ದರು. ಹಿಂದಿನ ಸಾಲಿನಲ್ಲಿ ನಿಂತು, ಆ ಮನುಷ್ಯನ ಮುಖವನ್ನು ಸರಿಯಾಗಿ ನೋಡದೆ.

* * *

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಿನಿಕ್‌ನ ಅಂಗಳಕ್ಕೆ ಎಲ್ಲರಿಗೂ ಬರಹೇಳಿದರು. ದೊಡ್ಡ ಡಾಕ್ಟರು ಕೋಲೂರಿಕೊಂಡು ಬಂದರು. ಚಿಕ್ಕ ಡಾಕ್ಟರಮ್ಮ, ಅಳಿಯಂದಿರು, ಗಡ್ಡದ ಡಾಕ್ಟರ ಹೆಂಡತಿ. ಕನ್ನಡಿ ಅಕ್ಕ ಗೇಟಿನ ಹತ್ತಿರವೇ ನಿಂತರು. ಹೆಂಡತಿ ಅವರ ಕಡೆ ಬೆನ್ನು ಮಾಡಿ ಕೂತರು. ಮೂಲೆಯಲ್ಲಿ ಇಬ್ಬರು ಪೊಲೀಸರು.

"ಸಣ್ಣ ಪರೀಕ್ಷೆ ಒಂದಿದೆ," ಎಂದರು ಮೇಡಂ. "ಕ್ಲಿನಿಕ್‌ನವರು ನಾಲ್ಕು ಜನ ದಿನಾ ಹಾಕೋ ಮಾಸ್ಕನ್ನೇ ಹಾಕ್ಕೊಳ್ಳಿ. ಅಕ್ಕ, ನೀವು ಕೋಣೇಲಿರೋ ಡಬ್ಬದಿಂದ ಒಂದು ತಗೊಳ್ಳಿ."

ಇಲಾಖೆಯ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಪೆಟ್ಟಿಗೆಯೊಂದನ್ನು ತಂದಿದ್ದರು. ಒಳಗೆ ತಲೆಗೆ ಹಾಕುವ ಬಿಳಿ ಮುಸುಕು, ಅದರ ಮುಂಭಾಗದಲ್ಲಿ ಒಂದು ತೂತು, ತೂತಿನಿಂದ ತುಂತುರು ಬಿಡಲು ಸಣ್ಣ ಪಂಪು. ಒಬ್ಬೊಬ್ಬರನ್ನೇ ಕಾರ್ ಶೆಡ್ಡಿನ ಮರೆಗೆ ಕರೆದರು. ಮೊದಲು ಮಾಸ್ಕಿಲ್ಲದೆ ಒಂದು ಸಲ, ನಾಲಿಗೆಗೆ ರುಚಿ ಹತ್ತುತ್ತದೋ ಇಲ್ಲವೋ ನೋಡಲು. ನಾಲ್ವರಿಗೂ ಹತ್ತಿತು. ಆಮೇಲೆ ಮಾಸ್ಕ್ ಹಾಕಿಕೊಂಡು ಇನ್ನೊಂದು ಸಲ. ಏನು ಗೊತ್ತಾಯಿತು ಎಂದು ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು. ಒಬ್ಬರಿಗೊಬ್ಬರು ಹೇಳುವಂತಿಲ್ಲ.

ಮೇಡಂ ನಾಲ್ಕು ಚೀಟಿ ಬಿಡಿಸಿದರು.

"ದೊಡ್ಡ ಡಾಕ್ಟರು, ಸಿಹಿ. ಚಿಕ್ಕ ಡಾಕ್ಟರಮ್ಮ, ತುಂಬಾ ಸಿಹಿ. ಅಕ್ಕ, ಸಿಹಿ. ಅಳಿಯಂದಿರು, ಏನೂ ಇಲ್ಲ."

"ಅಂದ್ರೆ ನಾನು ಫೇಲಾ ಮೇಡಂ?" ಅಳಿಯಂದಿರು ನಕ್ಕರು.

"ನೀವೊಬ್ರೇ ಪಾಸು. ಪಂಪಲ್ಲಿರೋದು ಸಿಹಿ ನೀರು. ಮಾಸ್ಕ್ ಸಾಚಾ ಆಗಿದ್ರೆ ತುಂತುರು ಒಳಗೆ ಬರಲ್ಲ, ಸಿಹಿ ಗೊತ್ತಾಗಲ್ಲ. ಈ ಮೂರೂ ಜನರ ಬಾಯಿಗೆ ಸಿಹಿ ಬಂತು. ಸಿಹಿ ಬಂದ ದಾರೀಲೇ ರೋಗಾನೂ ಬಂತು. ನಿಮ್ಮ ಮಾಸ್ಕ್ ತೆಗೆದು ಕೊಡಿ."

ಅವನು ಕದಲಲಿಲ್ಲ. ಪೊಲೀಸನೊಬ್ಬ ಎರಡು ಹೆಜ್ಜೆ ಮುಂದೆ ಬಂದ. ಮಾಸ್ಕ್ ಕೈಗೆ ಬಂತು.

"ಏಳು, ಒಂದು, ನಾಲ್ಕು," ಎಂದು ಮೇಡಂ ಓದಿದರು. "ಸಂಘ ಕೊಟ್ಟ ಮಾಲು. ಮೊದಲನೇ ವಾರ ನಾಲ್ಕು ಡಬ್ಬ ಎಲ್ಲರಿಗೂ ಹಂಚಿದ್ರಿ. ಎರಡು ನಿಮ್ಮ ಡ್ರಾಯರಲ್ಲಿ ಇಟ್ಕೊಂಡ್ರಿ. ಉಳಿದ ಮೂವತ್ನಾಲ್ಕು ಡಬ್ಬ ಊರ ದೊಡ್ಡವರಿಗೆಲ್ಲ ದಾನ. ಕ್ಲಬ್ಬಿನ ಅಧ್ಯಕ್ಷ ಆಗ್ಬೇಕಿತ್ತಲ್ಲ ನಿಮಗೆ? ದಾನ ತಗೊಂಡ ನಾಲ್ಕು ಕಡೆ ನಿನ್ನೆ ಹೋಗಿ ನೋಡಿದೆ. ಎಲ್ಲಾ ಕಡೆ ಇದೇ ನಂಬರು. ಖಾಲಿ ಆದ ಜಾಗಕ್ಕೆ ಸಂತೆಮಾಲು ತಂದು ತುಂಬಿಸಿದ್ರಿ. ತಂದುಕೊಟ್ಟ ಏಜೆಂಟ್ ಒಪ್ಕೊಂಡಿದ್ದಾನೆ."

"ನೋಡೋಕೆ ಎರಡೂ ಒಂದೇ ತರ ಇತ್ತು ಮೇಡಂ, ನನಗೇನ್ ಗೊತ್ತು..."

"ಗೊತ್ತಿಲ್ದೆ ಇದ್ರೆ ಗಾಜಿನ ಕೋಣೇಲಿ ಒಬ್ರೇ ಕೂರೋ ನಿಮ್ಮ ಮೂಗಿನ ಮೇಲೆ ಗೀರು ಹೇಗೆ ಬಿತ್ತು? ರೋಗಿ ಬಾಯಿಗೆ ಬಗ್ಗಿ ನಿಂತೋರ ಮೂಗು ನುಣ್ಣಗೆ, ಮಹಡಿ ಮೇಲೆ ಕೂತೋರ ಮೂಗಲ್ಲಿ ಗೀರು! ಡಾಕ್ಟರು ಹೋದ್ಮೇಲೆ ಮಾಸ್ಕಿನ ವಿಚಾರಣೆ ಆಗುತ್ತೆ ಅಂತ ಹೆದರಿ ಅಕ್ಕನ ತಲೆಗೆ ಕಟ್ಟಿದ್ರಿ."

"ಅವಳಿಗೆ ಜ್ವರ ಇತ್ತು! ನಾನೇ ನೋಡಿದೀನಿ!"

ಮೇಡಂ ಚೀಲದಿಂದ ಕ್ಲಿನಿಕ್‌ನ ಜ್ವರದ ಗನ್ ತೆಗೆದರು.

"ಈ ಗನ್ ತೋರಿಸೋದು ಸೆಲ್ಸಿಯಸ್. ರಿಜಿಸ್ಟರ್ ಪೂರ್ತಿ ಮೂವತ್ತಾರು, ಮೂವತ್ತಾರು. ದಿನಾ ಬಾಗಿಲಲ್ಲಿ ನಿಂತೋರಿಗೆ ಅದು ಗೊತ್ತು. ನಿಮಗೆ ಗೊತ್ತಿಲ್ಲ. ಮನೇಲಿ ನೋಡೋ ಲೆಕ್ಕದಲ್ಲಿ ನೂರಾ ಒಂದು ಅಂತ ಬರೆದ್ರಿ. ಇದರಲ್ಲಿ ನೂರಾ ಒಂದು ಬಂದಿದ್ರೆ ಅಕ್ಕ ಅವತ್ತು ಬಾಗಿಲಲ್ಲೇ ಕುದೀತಾ ನಿಂತಿರಬೇಕಿತ್ತು."

ದೊಡ್ಡ ಡಾಕ್ಟರು ಮೆಲ್ಲಗೆ ತಮ್ಮ ಮಾಸ್ಕ್ ಬಿಚ್ಚಿ ಅದನ್ನೇ ದಿಟ್ಟಿಸುತ್ತಿದ್ದರು.

"ನನಗೂ ಇದನ್ನೇ ಕೊಟ್ಯಾ?" ಎಂದರು ಅಳಿಯನಿಗೆ. ಅವನು ಗೇಟಿನ ಕಡೆ ನೋಡಿದ. "ಅತ್ತೆ ಒಡವೆ ಅಳಿಯ ದಾನ ಮಾಡಿದ ಅಂತ ಗಾದೆ ಕೇಳಿದ್ದೆ. ಇಲ್ಲಿ ಜೀವಾನೇ ದಾನ ಮಾಡಿದ್ಯಲ್ಲೋ. ಅದೂ ನಿನ್ನದಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿದರು. ಒಳಗೆ ಗೋಡೆಯ ಮೇಲೆ ಅವನ ಫೋಟೋ ಇನ್ನೂ ನಗುತ್ತಿತ್ತು. ಚಿಕ್ಕ ಡಾಕ್ಟರಮ್ಮ ಹೋಗಿ ಅದನ್ನು ಕಿತ್ತು ತಂದು ಮೇಡಂ ಕೈಗೆ ಕೊಟ್ಟಳು. ಅದೂ ಸಾಕ್ಷಿಯೇ.

* * *

ಅಂಗಳ ಖಾಲಿಯಾಯಿತು. ಗಡ್ಡದ ಡಾಕ್ಟರ ಹೆಂಡತಿ ಎದ್ದು ಗೇಟಿನ ತನಕ ನಡೆದರು. ಕನ್ನಡಿ ಅಕ್ಕ ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು.

"ಅಕ್ಕ," ಎಂದರು ಅವರು. ಗಂಡ ಹೋದ ಮೇಲೆ ಮೊದಲ ಸಲ ಆ ಮಾತು ಅವರ ಬಾಯಲ್ಲಿ ಬಂದಿತ್ತು. "ನಾನು ಸಹಿ ಹಾಕಿಬಿಟ್ಟೆ."

"ನಿಮ್ಮ ಸಂಕಟದಲ್ಲಿ ಹಾಕಿದ್ರಿ. ಬಿಡಿ ಅಮ್ಮ."

"ಕೊನೇ ದಿನ ಅವರೇನಂದ್ರು?"

ಅಕ್ಕ ತಲೆ ತಗ್ಗಿಸಿದರು. "ಅಕ್ಕ, ಒರೆಸು ಅಂದ್ರು. ಒರೆಸಿದೆ. ಮತ್ತೆ ಮಬ್ಬಾಯ್ತು. ‘ಗಡ್ಡ ತೆಗೆದಿದ್ದೇ ದಂಡ ಆಯ್ತಲ್ಲಕ್ಕ’ ಅಂತ ನಕ್ರು. ನಾನೂ ನಕ್ಕೆ ಅಮ್ಮ. ಅವತ್ತೇ ಹೊಳೀಬೇಕಿತ್ತು. ಒರೆಸ್ತಾನೇ ಇದ್ದೆ."

ಇಬ್ಬರೂ ಅಲ್ಲೇ ಗೇಟು ಹಿಡಿದುಕೊಂಡು ಅತ್ತರು. ಮೇಡಂ ದೂರ ಹೋಗಿ ನಿಂತರು.

ಕಚೇರಿಗೆ ಬಂದು ಫೈಲಿನಲ್ಲಿ ಷರಾ ಬರೆದರು. ಸಹಾಯಕಿ ನಿರ್ದೋಷಿ. ಅದರ ಕೆಳಗೆ ಇನ್ನೊಂದು ಸಾಲು: ದಾನ ಪಡೆಯುವಾಗ ಈ ಇಲಾಖೆ ಎಲ್ಲಿಂದ ಬಂತೆಂದು ಕೇಳಲಿಲ್ಲ. ಗುಮಾಸ್ತ ಓದಿ ಗಾಬರಿಯಾದ.

"ಮೇಡಂ, ಇದು ಬೇಕಾ? ಮೇಲಿನವರು..."

"ಓದಲಿ."

ಹಿತ್ತಲಿನ ಬಯಲಿಗೆ ಹೋಗಿ, ಆರು ವಾರ ತಮ್ಮನ್ನು ಕಾಪಾಡಿದ ಆ ದಾನದ ರಾಶಿಯ ಮಾಸ್ಕನ್ನು ಮುಖದಿಂದ ಬಿಚ್ಚಿದರು. ಮೂಗಿನ ಮೇಲೆ ಗೀರು ಉರಿಯುತ್ತಿತ್ತು. ಮಾಸ್ಕನ್ನು ಸಾಕ್ಷಿಯ ಲಕೋಟೆಗೆ ಹಾಕಿ ಅಂಟಿಸಿದರು. ಲಕೋಟೆಯ ಮೇಲೆ ‘ಯಾರಿಗೆ ಸೇರಿದ್ದು’ ಎಂಬ ಜಾಗ ಖಾಲಿ ಇತ್ತು. ಅಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಗಡ್ಡದ ಡಾಕ್ಟರಿಗೆ.